ಗುಮ್ಮುವ ಹಡಗುಗಳ ಲೆಕ್ಕದಲ್ಲಿ ಬಿಟ್ಟುಹೋದದ್ದು

ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದ ಯುದ್ಧನೌಕೆಗಳ ಚಿತ್ರ ನೋಡಿದರೆ ಅವುಗಳ ಮೂತಿ ವಿಚಿತ್ರವಾಗಿ ಕಾಣುತ್ತದೆ. ಬೇರೆ ಹಡಗುಗಳ ಮೂತಿ ಮೇಲೇರಿದಂತೆ ಮುಂದಕ್ಕೆ ಬಾಗಿದ್ದರೆ, ಇವುಗಳದ್ದು ನೀರಿನ ಮಟ್ಟದ ಕೆಳಗೇ ಮುಂದಕ್ಕೆ ಚಾಚಿಕೊಂಡಿರುತ್ತದೆ. ಈ ಭಾರಿ ಲೋಹದ ಕೊಂಬಿಗೆ ರ್ಯಾಮ್ ಎಂದು ಹೆಸರು. ಎದುರಾಳಿಯ ಪಕ್ಕೆಗೆ ಗುಮ್ಮಿ, ನೀರಿನಡಿಯಲ್ಲಿ ತೂತು ಮಾಡಿ ಮುಳುಗಿಸುವುದು ಅದರ ಕೆಲಸ. ವಿಕ್ಟೋರಿಯಾ ರಾಣಿಯ ಕಾಲದ ಎಂಜಿನಿಯರುಗಳು, ಅಂದರೆ ಉಗಿಬಂಡಿಯನ್ನೂ ಕಬ್ಬಿಣದ ಸೇತುವೆಗಳನ್ನೂ ಕಟ್ಟಿದ ಅದೇ ಪೀಳಿಗೆಯವರು, ಹಲವು ದಶಕಗಳ ಕಾಲ ಈ ಕೊಂಬನ್ನು ನಂಬಿದರು. ಇಂದು ಅದನ್ನು ಹುಚ್ಚಾಟವೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಅವರ ಭೌತವಿಜ್ಞಾನ ಸರಿಯಾಗಿತ್ತು, ಗುಣಾಕಾರವೂ ಸರಿಯಾಗಿತ್ತು. ಗುಮ್ಮಿಸಿಕೊಳ್ಳುವ ಹಡಗು ತಪ್ಪಿಸಿಕೊಳ್ಳಲಾರದ ಸ್ಥಿತಿಯಲ್ಲಿರಬೇಕು ಎಂಬ ಷರತ್ತೊಂದನ್ನು ಮಾತ್ರ ಅವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅದರ ಬೆಲೆಯನ್ನು ಬಹುಪಾಲು ತೆತ್ತದ್ದು ಅವರದೇ ನಾವಿಕರು.

ಮೊದಲು ಅವರ ಪರವಾದ ವಾದವನ್ನು ಪೂರ್ತಿ ಕೇಳೋಣ. 1860ರಲ್ಲಿ ನೀರಿಗಿಳಿದ ಬ್ರಿಟನ್ನಿನ ‘ವಾರಿಯರ್’ ಹಡಗಿನ ಪಕ್ಕೆಗೆ 114 ಮಿಲಿಮೀಟರ್ ದಪ್ಪದ ಕಬ್ಬಿಣದ ಕವಚವಿತ್ತು, ಅದರ ಹಿಂದೆ ಸುಮಾರು 45 ಸೆಂಟಿಮೀಟರ್ ತೇಗದ ಮರವಿತ್ತು. ಆ ಕಾಲದ ಫಿರಂಗಿಗಳು ಇಂಥ ಕವಚದ ಮುಂದೆ ಸೋತವು. 1862ರ ಮಾರ್ಚ್ 9ರಂದು, ಅಮೆರಿಕದ ಅಂತರ್ಯುದ್ಧದಲ್ಲಿ, ‘ಮಾನಿಟರ್’ ಮತ್ತು ‘ವರ್ಜೀನಿಯಾ’ ಎಂಬ ಎರಡು ಕವಚದ ಹಡಗುಗಳು ಗಂಟೆಗಟ್ಟಲೆ ಪರಸ್ಪರ ಗುಂಡು ಹಾರಿಸಿದರೂ ಒಂದನ್ನೊಂದು ಮುಳುಗಿಸಲಾಗಲಿಲ್ಲ. ಅದರ ಹಿಂದಿನ ದಿನವಷ್ಟೇ ವರ್ಜೀನಿಯಾ ತನ್ನ ಕೊಂಬಿನಿಂದ ‘ಕಂಬರ್ಲೆಂಡ್’ ಎಂಬ ಮರದ ಹಡಗನ್ನು ಗುಮ್ಮಿ ಮುಳುಗಿಸಿತ್ತು. ಶಕ್ತಿಯ ಲೆಕ್ಕವೂ ಇದನ್ನೇ ಹೇಳುತ್ತಿತ್ತು. ಸುಮಾರು 31 ಕಿಲೋ ತೂಕದ ಫಿರಂಗಿ ಗುಂಡು ಸೆಕೆಂಡಿಗೆ 480 ಮೀಟರ್ ವೇಗದಲ್ಲಿ ಹೊರಟರೆ ಅದರ ಚಲನಶಕ್ತಿ ಮೂರೂವರೆ ದಶಲಕ್ಷ ಜೂಲ್. ಐದು ಸಾವಿರ ಟನ್ನಿನ ಹಡಗು ಸೆಕೆಂಡಿಗೆ ಬರೀ ಆರು ಮೀಟರ್ ವೇಗದಲ್ಲಿ ಬಂದರೂ ಅದರ ಚಲನಶಕ್ತಿ ಒಂಬತ್ತು ಕೋಟಿ ಜೂಲ್, ಅಂದರೆ ಇಪ್ಪತ್ತೈದು ಪಟ್ಟು. ಅದೂ ಕವಚವಿಲ್ಲದ ಕೆಳಭಾಗಕ್ಕೇ ಬೀಳುವ ಪೆಟ್ಟು. ಪ್ರಾಚೀನ ಗ್ರೀಕರ ಹುಟ್ಟುಹಾಕುವ ನೌಕೆಗಳಿಗೂ ಇಂಥ ಕೊಂಬಿತ್ತು. ಗಾಳಿಯನ್ನೇ ನೆಚ್ಚಿ ಸಾಗಬೇಕಾದ ಹಾಯಿಹಡಗುಗಳ ಕಾಲದಲ್ಲಿ ಅದು ಮೂಲೆ ಸೇರಿತ್ತು. ಉಗಿ ಎಂಜಿನ್ ಬಂದು ಹಡಗು ಬೇಕಾದ ದಿಕ್ಕಿಗೆ ನುಗ್ಗುವಂತಾದಾಗ ಅದು ಮರಳಿ ಬಂದದ್ದು ಸಹಜವೇ.

ಈ ನಂಬಿಕೆಗೆ ಮುದ್ರೆ ಒತ್ತಿದ್ದು 1866ರ ಜುಲೈ 20ರ ಲಿಸ್ಸಾ ಕದನ. ಏಡ್ರಿಯಾಟಿಕ್ ಸಮುದ್ರದಲ್ಲಿ, ಇಂದು ವಿಸ್ ಎನ್ನುವ ದ್ವೀಪದ ಬಳಿ, ಆಸ್ಟ್ರಿಯಾದ ಸೇನಾಪತಿ ಟೆಗೆಟ್‌ಹಾಫ್‌ನ ಹಡಗು ‘ಫರ್ಡಿನಾಂಡ್ ಮ್ಯಾಕ್ಸ್’ ಇಟಲಿಯ ‘ರೆ ದಿಟಾಲಿಯಾ’ವನ್ನು ಗುಮ್ಮಿತು. ಆ ಹಡಗು ಕೆಲವೇ ನಿಮಿಷಗಳಲ್ಲಿ ನೂರಾರು ಜನರೊಂದಿಗೆ ಮುಳುಗಿತು. ಯುರೋಪಿನ ನೌಕಾಪಡೆಗಳೆಲ್ಲ ಈ ಒಂದು ಪೆಟ್ಟನ್ನು ಪಾಠವೆಂದು ಕಲಿತವು. ಆದರೆ ಅದೇ ಕದನದಲ್ಲಿ ಇನ್ನೂ ಹಲವು ಹಡಗುಗಳು ಗುಮ್ಮಲು ನೋಡಿ ಗುರಿ ತಪ್ಪಿದ್ದವು. ಆಸ್ಟ್ರಿಯಾದ ‘ಕೈಸರ್’ ಎದುರಾಳಿಯನ್ನು ಗುಮ್ಮಿ ತಾನೇ ಹೆಚ್ಚು ಜಖಂಗೊಂಡಿತು. ಗುಮ್ಮುವುದಕ್ಕೆಂದೇ ಕಟ್ಟಿದ್ದ ಇಟಲಿಯ ‘ಅಫೊಂಡಟೋರೆ’ ಒಂದನ್ನೂ ಮುಳುಗಿಸಲಿಲ್ಲ. ರೆ ದಿಟಾಲಿಯಾ ಸಿಕ್ಕಿಬಿದ್ದದ್ದಾದರೂ ಹೇಗೆ? ಅದರ ಚುಕ್ಕಾಣಿ ಮೊದಲೇ ಕೆಟ್ಟಿತ್ತು, ಪೆಟ್ಟು ಬೀಳುವ ಹೊತ್ತಿಗೆ ಅದು ಹೆಚ್ಚುಕಡಿಮೆ ನಿಂತೇ ಇತ್ತು. ಹಿಂದಿನ ಕಂಬರ್ಲೆಂಡ್ ಲಂಗರು ಹಾಕಿ ನಿಂತಿತ್ತು. 1879ರಲ್ಲಿ ಇಕಿಕೆ ಬಂದರಿನೆದುರು ಪೆರುವಿನ ‘ವಾಸ್ಕರ್’ ಮೂರು ಸಲ ಗುಮ್ಮಿ ಮುಳುಗಿಸಿದ ಚಿಲಿಯ ‘ಎಸ್ಮೆರಾಲ್ಡಾ’ ಬಾಯ್ಲರು ಕೈಕೊಟ್ಟ ಹಳೆಯ ಮರದ ಹಡಗು. ಮೂರೂ ಗೆಲುವುಗಳಲ್ಲಿ ಬಲಿಯಾದದ್ದು ಓಡಲಾಗದ ಹಡಗೇ.

ಓಡಬಲ್ಲ ಹಡಗಾದರೆ ಏನಾಗುತ್ತದೆ? ನೂರು ಮೀಟರ್ ಉದ್ದದ ಹಡಗೊಂದು ಸೆಕೆಂಡಿಗೆ ಆರು ಮೀಟರ್ ವೇಗದಲ್ಲಿ ಅಡ್ಡ ಸಾಗುತ್ತಿದೆ, ಅಷ್ಟೇ ವೇಗದ ಇನ್ನೊಂದು ಐನೂರು ಮೀಟರ್ ದೂರದಿಂದ ಅದರತ್ತ ನುಗ್ಗುತ್ತಿದೆ ಎನ್ನಿ. ತಲುಪಲು ಎಂಬತ್ತಮೂರು ಸೆಕೆಂಡು ಬೇಕು. ಅಷ್ಟರಲ್ಲಿ ಗುರಿ ತನ್ನ ಐದು ಪಟ್ಟು ಉದ್ದ ಮುಂದೆ ಹೋಗಿರುತ್ತದೆ. ಅದು ಮುಂದೆ ತಲುಪುವ ಜಾಗವನ್ನು ಅಂದಾಜಿಸಿ ಗುರಿಯಿಟ್ಟರೂ, ಎದುರಾಳಿ ಚುಕ್ಕಾಣಿಯನ್ನು ಸ್ವಲ್ಪ ತಿರುಗಿಸಿದರೆ ಸಾಕು, ಪೆಟ್ಟು ಓರೆಯಾಗಿ ಜಾರುತ್ತದೆ. ಆ ಒಂಬತ್ತು ಕೋಟಿ ಜೂಲ್ ಸುಳ್ಳಲ್ಲ. ಆದರೆ ಅದು ಮುಟ್ಟುವುದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಎದುರಾಳಿಯ ಚುಕ್ಕಾಣಿ.

ತಪ್ಪಿಸಿಕೊಳ್ಳಬೇಕೆಂಬ ಯೋಚನೆಯೇ ಇಲ್ಲದವರು ಮಾತ್ರ ರ್ಯಾಮಿಗೆ ಸುಲಭವಾಗಿ ಸಿಗುತ್ತಾರೆ. ಅಂಥವರು ಇದ್ದದ್ದು ಸ್ವಂತ ಪಡೆಯಲ್ಲೇ. 1875ರಲ್ಲಿ ಐರ್ಲೆಂಡಿನ ಕರಾವಳಿಯ ಮಂಜಿನಲ್ಲಿ ಬ್ರಿಟನ್ನಿನ ‘ಐರನ್ ಡ್ಯೂಕ್’ ತನ್ನ ಜೊತೆಯ ‘ವ್ಯಾನ್‌ಗಾರ್ಡ್’ ಅನ್ನು ಮುಳುಗಿಸಿತು. 1878ರಲ್ಲಿ ಜರ್ಮನಿಯ ‘ಕೋನಿಗ್ ವಿಲ್‌ಹೆಲ್ಮ್’ ತನ್ನದೇ ಪಡೆಯ ‘ಗ್ರೋಸರ್ ಕುರ್‌ಫ್ಯೂರ್ಸ್ಟ್’ ಅನ್ನು ಗುಮ್ಮಿ 250ಕ್ಕೂ ಹೆಚ್ಚು ಜೀವ ತೆಗೆಯಿತು. ಎಲ್ಲಕ್ಕಿಂತ ಘೋರವಾದದ್ದು 1893ರ ಜೂನ್ 22ರಂದು ಲೆಬನಾನಿನ ಟ್ರಿಪೋಲಿ ಎದುರು ನಡೆಯಿತು. ಬ್ರಿಟನ್ನಿನ ವೈಸ್ ಅಡ್ಮಿರಲ್ ಟ್ರೈಯನ್, ಸುಮಾರು 1,100 ಮೀಟರ್ ಅಂತರದಲ್ಲಿದ್ದ ಎರಡು ಸಾಲುಗಳಿಗೆ ಒಳಮುಖವಾಗಿ ತಿರುಗಲು ಆಜ್ಞೆ ಕೊಟ್ಟ. ಒಂದೊಂದು ಹಡಗು ತಿರುಗಲೂ ಸುಮಾರು 730 ಮೀಟರ್ ಜಾಗ ಬೇಕಿತ್ತು. ಕೂಡಿ ನೋಡಿದರೆ ಅಪಘಾತ ಕಾಗದದ ಮೇಲೇ ಕಾಣುತ್ತದೆ. ‘ಕ್ಯಾಂಪರ್‌ಡೌನ್’ನ ಕೊಂಬು ಟ್ರೈಯನ್‌ನ ‘ವಿಕ್ಟೋರಿಯಾ’ದೊಳಕ್ಕೆ ಹೊಕ್ಕಿತು. ಹದಿಮೂರು ನಿಮಿಷಗಳಲ್ಲಿ ಹಡಗು ತಲೆಕೆಳಗಾಗಿ, ಟ್ರೈಯನ್ ಸೇರಿ 358 ಜನ ಸತ್ತರು.

ಆಜ್ಞೆ ತಪ್ಪಾಗಿದ್ದರೆ ಕೊಂಬಿನ ಮೇಲೆ ಗೂಬೆ ಕೂರಿಸುವುದೇಕೆ ಎಂದು ಕೇಳಬಹುದು. ಆಜ್ಞೆ ತಪ್ಪು ನಿಜ. ಆದರೆ ನಿಧಾನಗತಿಯ ಡಿಕ್ಕಿಯೊಂದು ಇಂಥ ಸಾವಾಗಿ ಮಾರ್ಪಡಲು ನೀರಿನಡಿಯ ಆ ಉಕ್ಕಿನ ತುದಿಯೇ ಕಾರಣ. ರ್ಯಾಮ್ ಮುಂದೆಯೂ ಗೆದ್ದಿತ್ತಲ್ಲ, 1915ರಲ್ಲಿ ಬ್ರಿಟನ್ನಿನ ಯುದ್ಧನೌಕೆ ‘ಡ್ರೆಡ್‌ನಾಟ್’ ಜರ್ಮನಿಯ ಯು–29 ಜಲಾಂತರ್ಗಾಮಿಯನ್ನು ಗುಮ್ಮಿಯೇ ಮುಳುಗಿಸಿತಲ್ಲ ಎಂಬುದು ಇನ್ನೊಂದು ಆಕ್ಷೇಪ. ಜಲಾಂತರ್ಗಾಮಿ ತೆಳು ಚರ್ಮದ ಪುಟ್ಟ ನೌಕೆ. 1918ರಲ್ಲಿ ‘ಒಲಿಂಪಿಕ್’ ಎಂಬ ಪ್ರಯಾಣಿಕರ ಹಡಗು ಕೂಡ ಒಂದನ್ನು ಹಾಗೆಯೇ ಮುಳುಗಿಸಿತು. ಅದಕ್ಕೆ ಕೊಂಬೇನೂ ಬೇಕಾಗಲಿಲ್ಲ. ಇದ್ದರೇನು ನಷ್ಟ ಎನ್ನುವವರಿಗೂ ಉತ್ತರವಿದೆ. ಎದುರಾಳಿಯತ್ತ ಮೂತಿ ಮಾಡಿ ನುಗ್ಗಬೇಕೆಂಬ ಆಲೋಚನೆ ಹಡಗಿನ ಇಡೀ ವಿನ್ಯಾಸವನ್ನೇ ಆಳಿತು. ಮುಂದಕ್ಕೆ ಗುಂಡು ಹಾರಿಸುವುದಕ್ಕೆ ಮಹತ್ವ ಬಂತು. ಮುಳುಗಿದ ವಿಕ್ಟೋರಿಯಾದ ಎರಡೂ ದೊಡ್ಡ ಫಿರಂಗಿಗಳು ಮುಂಭಾಗದ ಒಂದೇ ಗೋಪುರದಲ್ಲಿದ್ದವು.

ಲಿಸ್ಸಾ ಕದನ ನಡೆದ 1866ರಲ್ಲೇ, ಅದೇ ಏಡ್ರಿಯಾಟಿಕ್ ತೀರದ ಫ್ಯೂಮೆಯಲ್ಲಿ, ರಾಬರ್ಟ್ ವೈಟ್‌ಹೆಡ್ ತನ್ನಷ್ಟಕ್ಕೆ ಚಲಿಸುವ ಟಾರ್ಪೆಡೊ ತಯಾರಿಸಿದ್ದ. ನೀರಿನಡಿ ತೂತು ಮಾಡಲು ಇಡೀ ಹಡಗನ್ನೇ ಪಣಕ್ಕಿಡಬೇಕಿಲ್ಲ ಎಂಬ ದಾರಿ ಅಂದೇ ತೆರೆದಿತ್ತು. ಫಿರಂಗಿಗಳೂ ಬೆಳೆದವು, 1905ರಲ್ಲಿ ರಷ್ಯಾ ಮತ್ತು ಜಪಾನ್ ನಡುವೆ ನಡೆದ ತ್ಸುಷಿಮಾ ಕದನದಲ್ಲಿ ಕಿಲೋಮೀಟರುಗಟ್ಟಲೆ ದೂರದಿಂದಲೇ ಹಡಗುಗಳು ಮುಳುಗಿದವು. ಆದರೂ ರ್ಯಾಮನ್ನು ಕೈಬಿಡಲು ಇಷ್ಟು ಕಾಲ ಹಿಡಿದದ್ದು, ಎಲ್ಲರ ಕಣ್ಣಿಗೆ ಬಿದ್ದ ಒಂದು ಯಶಸ್ಸು ಅದರ ಸುತ್ತಲಿನ ಸೋಲುಗಳನ್ನು ಮರೆಸಿದ್ದರಿಂದ. ಆ ಎಂಜಿನಿಯರುಗಳ ಉತ್ಸಾಹ ನನಗೆ ಪ್ರಿಯವಾದದ್ದು, ಅದಿಲ್ಲದೆ ಉಗಿಯ ಯುಗವೇ ಇರುತ್ತಿರಲಿಲ್ಲ. ಯಾವುದೇ ಯಂತ್ರದ ಬಲವನ್ನು ಅಳೆಯುವುದು ಸುಲಭ, ಅದಕ್ಕೆ ಸೂತ್ರವಿದೆ. ಆ ಬಲ ಗೆದ್ದದ್ದು ಯಾವ ಸಂದರ್ಭದಲ್ಲಿ, ಸೋತದ್ದು ಎಷ್ಟು ಸಲ ಎಂದು ತಾಳ್ಮೆಯಿಂದ ಎಣಿಸುವುದು ಅಷ್ಟೇ ಮುಖ್ಯವಾದ ವಿಜ್ಞಾನ. ಈ ಎರಡನೇ ಲೆಕ್ಕವನ್ನು ಹೊತ್ತಿಗೆ ಸರಿಯಾಗಿ ಮಾಡಿದ್ದರೆ ಆ 358 ಜನರಲ್ಲಿ ಅನೇಕರು ದಡ ಸೇರುತ್ತಿದ್ದರು.