ಟೋಲ್ ನಾಕಾದ ಲೆಕ್ಕ

2024ರ ಅಕ್ಟೋಬರ್ 14ರ ನಡುರಾತ್ರಿಯಿಂದ ಮುಂಬಯಿ ಪ್ರವೇಶದ ಐದು ನಾಕಾಗಳಲ್ಲಿ, ಅಂದರೆ ದಹಿಸರ್, ಮುಲುಂಡಿನ ಎರಡು, ಐರೋಲಿ ಮತ್ತು ವಾಶಿಯಲ್ಲಿ, ಸಣ್ಣ ವಾಹನಗಳಿಗೆ ಟೋಲ್ ಮಾಫಿ ಆಯಿತು. ಅಲ್ಲಿಯ ತನಕ ಕಾರಿಗೆ 45 ರೂಪಾಯಿ ಇತ್ತು. ಮುಂದಿನ ತಿಂಗಳೇ ವಿಧಾನಸಭಾ ಚುನಾವಣೆ, ಅದು ಬೇರೆ ಮಾತು. ಅಂತೂ ಫುಕಟ್ ಆಯಿತಲ್ಲ ಅಂತ ಠಾಣೆ, ಡೊಂಬಿವಲಿ ಕಡೆಯವರಿಗೆ ಖುಷಿ. ಆದರೆ ನಾವು ಕಾಮರ್ಸಿನವರು. ಜಮೆಯ ಬದಿಯಲ್ಲಿ ಒಂದು ಮೊತ್ತ ಕಾಣೆಯಾದರೆ ಅದು ಎಲ್ಲಿ ಖರ್ಚು ಬಿತ್ತು ಅಂತ ಹುಡುಕೋದು ನಮ್ಮ ಚಾಳಿ.

ಮೊದಲು ಪದ್ಧತಿ ಏನೆಂದು ನೋಡೋಣ. ರಸ್ತೆ, ಸೇತುವೆ ಕಟ್ಟಲು ಸರಕಾರದ ಬೊಕ್ಕಸ ಸಾಲದಿದ್ದಾಗ ಖಾಸಗಿ ಕಂಪನಿಯನ್ನು ಜತೆಗೆ ಸೇರಿಸಿಕೊಳ್ಳುತ್ತಾರೆ. ಕಂಪನಿ ತನ್ನ ಹಣದಲ್ಲಿ (ಹೆಚ್ಚಾಗಿ ಬ್ಯಾಂಕಿನ ಸಾಲದಲ್ಲಿ ಅನ್ನಿ) ಕಟ್ಟುತ್ತದೆ, ಗೊತ್ತುಮಾಡಿದ ಅವಧಿಯವರೆಗೆ ಟೋಲ್ ವಸೂಲು ಮಾಡುತ್ತದೆ, ಆಮೇಲೆ ಸರಕಾರಕ್ಕೆ ಒಪ್ಪಿಸಿ ಹೊರಟುಹೋಗುತ್ತದೆ. ನಮ್ಮ ಠಾಣೆ-ಭಿವಂಡಿ ಬೈಪಾಸ್ ಆದದ್ದು ಹೀಗೆ. ಅದರ ಖಾರೇಗಾಂವ್ ನಾಕಾ 2017ರ ಮೇ ತಿಂಗಳಲ್ಲಿ ಮುಚ್ಚಿತು.

ಆದರೆ ದಾರಿಗೆ ಅಡ್ಡ ನಿಂತು ಹಣ ಕೇಳುವ ಹಕ್ಕು ಒಂದು ಕಂಪನಿಗೆ ಎಲ್ಲಿಂದ ಬಂತು? ಬರೇ ಕರಾರುಪತ್ರದಿಂದ ಬರುವುದಿಲ್ಲ, ಕಾಯ್ದೆ ಬೇಕು. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಟೋಲ್ ಎಂಬುದು ರಾಜ್ಯಪಟ್ಟಿಯ 59ನೇ ಬಾಬತ್ತು. ಗುಜರಾತ್ 1999ರಲ್ಲಿ, ಆಂಧ್ರ 2001ರಲ್ಲಿ, ತಮಿಳುನಾಡು 2012ರಲ್ಲಿ ಇಂಥ ಪಾಲುದಾರಿಕೆಯ ಕಾಮಗಾರಿಗಳಿಗಾಗಿ ಪ್ರತ್ಯೇಕ ಕಾಯ್ದೆ ಮಾಡಿದವು. ನಮ್ಮ ಮಹಾರಾಷ್ಟ್ರದಲ್ಲಿ ಟೋಲಿನ ಅಧಿಸೂಚನೆ ಹೊರಡುವುದು 1958ರ ಮೋಟಾರು ವಾಹನ ತೆರಿಗೆ ಕಾಯ್ದೆಯ 20ನೇ ಕಲಮಿನಿಂದ. ಯಾವ ರಸ್ತೆ, ಯಾವ ವಾಹನಕ್ಕೆ ಎಷ್ಟು, ಯಾವತ್ತಿನವರೆಗೆ, ಎಲ್ಲ ಅದರಲ್ಲೇ ಇರಬೇಕು.

ಕಾಯ್ದೆಯ ಬೆಂಬಲ ಸರಿಯಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರದ ಒಂದು ಉದಾಹರಣೆ ಕೊಡಬೇಕು, ಯಾಕೆಂದರೆ ಇದರಷ್ಟು ಚೆಂದದ ಲೆಕ್ಕ ನಮ್ಮ ಪಠ್ಯಪುಸ್ತಕದಲ್ಲೂ ಇಲ್ಲ. ದೆಹಲಿಯಿಂದ ನೋಯ್ಡಾಕ್ಕೆ ಯಮುನೆಯ ಮೇಲೆ 2001ರಲ್ಲಿ ಶುರುವಾದ ಟೋಲ್ ಸೇತುವೆಯೊಂದಿದೆ. ಕಂಪನಿಗೆ ವರ್ಷಕ್ಕೆ ಶೇಕಡಾ 20ರಷ್ಟು ಪ್ರತಿಫಲ ಸಿಗಬೇಕು, ಕಡಿಮೆ ಬಿದ್ದದ್ದನ್ನು ಅಸಲಿಗೆ ಸೇರಿಸಬೇಕು ಅಂತ ಅದರ ಕರಾರು. ಅಸಲು 100 ರೂಪಾಯಿ ಅಂತ ಇಟ್ಟುಕೊಳ್ಳಿ. 20 ಬರಬೇಕಾದಲ್ಲಿ 5 ಬಂತು. ಉಳಿದ 15 ಸೇರಿ ಅಸಲು 115 ಆಯಿತು, ಬರುವ ವರ್ಷ 23 ಬೇಕು. ಅದೂ ಬರಲಿಲ್ಲ ಅಂದರೆ? ಊರ ಸಾಹುಕಾರನ ಚಕ್ರಬಡ್ಡಿಯೇ ಸರಿ. ಟೋಲ್ ಎತ್ತಿದಷ್ಟೂ ಸಾಲ ಬೆಳೆಯುತ್ತದೆ, ಅವಧಿ ಮುಗಿಯೋದೇ ಇಲ್ಲ. 2016ರಲ್ಲಿ ಅಲಹಾಬಾದ್ ಹೈಕೋರ್ಟು ಈ ವಸೂಲಿಯನ್ನು ನಿಲ್ಲಿಸಿತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿದು, ಶುಲ್ಕ ಎತ್ತುವ ಅಧಿಕಾರವನ್ನು ಕಂಪನಿಗೆ ಹೀಗೆ ಒಪ್ಪಿಸಿದ್ದೇ ನೋಯ್ಡಾ ಪ್ರಾಧಿಕಾರದ ಮಿತಿ ಮೀರಿದ್ದು ಎಂದಿತು.

ಈಗ ನಮ್ಮ ಐದು ನಾಕಾಗಳಿಗೆ ಬರೋಣ. ಮುಂಬಯಿಯಲ್ಲಿ 55 ಮೇಲ್ಸೇತುವೆಗಳ ಯೋಜನೆ ಕೈಗೊಂಡದ್ದು ಸರಕಾರದ್ದೇ ರಸ್ತೆ ಅಭಿವೃದ್ಧಿ ನಿಗಮ, 1996ರಲ್ಲಿ ಸ್ಥಾಪನೆಯಾದದ್ದು. ಆ ಖರ್ಚು ಹುಟ್ಟಿಸಲು ಈ ನಾಕಾಗಳು. 2010ರಲ್ಲಿ ನಿಗಮ ಮುಂದಿನ 16 ವರ್ಷ ಟೋಲ್ ಎತ್ತುವ ಹಕ್ಕನ್ನು ಒಂದು ಕಂಪನಿಗೆ ಕೊಟ್ಟು 2,100 ಕೋಟಿ ರೂಪಾಯಿ ಮುಂಗಡ ಪಡೆಯಿತು. ಮರದಲ್ಲಿರುವ ಮಾವನ್ನು ಹೂ ಬಿಟ್ಟಾಗಲೇ ಗುತ್ತಿಗೆಗೆ ಕೊಡ್ತಾರಲ್ಲ, ಹಾಗೆ. ಕಾಯಿ ಎಷ್ಟು ಬಿಟ್ಟರೂ ಆಮೇಲೆ ಅದು ಗುತ್ತಿಗೆದಾರನದು. ಈಗ ತೋಟದ ಯಜಮಾನ ಬಂದು ಅರ್ಧ ಹಣ್ಣನ್ನು ಊರಿಗೆ ಹಂಚಿದರೆ ಗುತ್ತಿಗೆದಾರ ಸುಮ್ಮನಿರುತ್ತಾನೆಯೆ? 2015ರಲ್ಲಿ ರಾಜ್ಯದ 12 ನಾಕಾ ಮುಚ್ಚಿ ಇನ್ನೂ 53ರಲ್ಲಿ ಕಾರುಗಳನ್ನು ಬಿಟ್ಟಾಗಲೂ ಗುತ್ತಿಗೆದಾರರಿಗೆ ಪರಿಹಾರದ ಹೊಣೆ ಸರಕಾರದ ಮೇಲೆಯೇ ಬಿತ್ತು. ಈ ಸಲ ಪರಿಹಾರವಾಗಿ, 2026ರಲ್ಲಿ ಮುಗಿಯಬೇಕಿದ್ದ ಗುತ್ತಿಗೆಯನ್ನೇ 2029ರ ಸೆಪ್ಟೆಂಬರ್‌ವರೆಗೆ ಮುಂದುವರಿಸಲು 2025ರಲ್ಲಿ ಸಚಿವ ಸಂಪುಟ ಒಪ್ಪಿತು.

ಮಾಫಿ ಆದದ್ದು ಸಣ್ಣ ವಾಹನಕ್ಕೆ, ದೊಡ್ಡ ಟ್ರಕ್ಕುಗಳಿಗಲ್ಲ. ಆ ಟ್ರಕ್ಕು ಕೊಟ್ಟ ಟೋಲನ್ನು ಮಾಲಕ ಬಾಡಿಗೆಗೆ ಸೇರಿಸುತ್ತಾನೆ, ವ್ಯಾಪಾರಿ ಮಾಲಿನ ಕ್ರಯಕ್ಕೆ. ಹಾಗಾಗಿ ಕಲ್ಯಾಣದಿಂದ ಲೋಕಲ್ಲಿನ ಬಾಗಿಲಿಗೆ ನೇತಾಡಿಕೊಂಡು ಕಾಲೇಜಿಗೆ ಬರುವ, ಮನೆಯಲ್ಲಿ ಸೈಕಲ್ಲೂ ಇಲ್ಲದ ಹುಡುಗ ಕೂಡ ಮುಂಬಯಿಯ ಅಂಗಡಿಯಲ್ಲಿ ಒಂದು ನೋಟ್‌ಬುಕ್ಕು ಕೊಂಡರೆ ಐರೋಲಿಯಲ್ಲಿ ನಿಲ್ಲದೆ ಹೋದ ಕಾರಿನ ಪಾಲಿನಲ್ಲಿ ಚೂರು ಕೊಟ್ಟ ಹಾಗೇ.