ಬಾಯಿ ಬಿಚ್ಚಲು ಕಲಿಸಿದ ರಾತ್ರಿ ಶಾಲೆಗಳು

ಮುಂಬಯಿಯ ಹೊಟೇಲುಗಳಲ್ಲಿ ದುಡಿಯುವ ನಮ್ಮ ತರುಣನಿಗೆ ಇಂದು ಮುಖ್ಯವಾಗಿ ಬೇಕಾದುದು ಯಾವುದೆಂದು ಕೇಳಿದರೆ ಸಂಬಳ, ಖೋಲಿ, ರಜೆ ಎಂಬ ಉತ್ತರಗಳು ಬರುವುವು. ಅವೆಲ್ಲವೂ ಸರಿಯೇ. ಆದರೆ ಇವುಗಳನ್ನು ಪಡೆಯುವುದಕ್ಕೆ ಸಾಧನವಾದ ಇನ್ನೊಂದು ವಸ್ತುವುಂಟು; ಅದರ ಕಡೆಗೆ ನಮ್ಮ ಲಕ್ಷ್ಯ ಹೋಗುವುದು ವಿರಳ. ತನಗೆ ಬೇಕಾದುದನ್ನು, ಕೇಳಬೇಕಾದವರ ಮುಂದೆ, ಅವರಿಗೆ ತಿಳಿಯುವ ಭಾಷೆಯಲ್ಲಿ, ಮರ್ಯಾದೆ ಮೀರದೆ ಹೇಳುವ ಶಕ್ತಿಯೇ ಅದು. ಪಕ್ಕದಲ್ಲಿ ನಿಂತು ಕಪ್ಪುಬಸಿ ತೊಳೆಯುವವನ ಸಲುವಾಗಿಯೂ ಅದನ್ನು ಹೇಳಬಲ್ಲವನಾದರೆ ಅವನನ್ನು ಮುಂದಾಳು ಎನ್ನಬಹುದು.

ಹಿಂದೆ ಈ ವಿದ್ಯೆಯನ್ನು ನಮ್ಮ ಹುಡುಗರಿಗೆ ಕಲಿಸಿದ ಸ್ಥಳವೆಂದರೆ ರಾತ್ರಿ ಶಾಲೆ. 1902ರಲ್ಲಿ ಸ್ಥಾಪಿತವಾದ ಮೊಗವೀರ ವ್ಯವಸ್ಥಾಪಕ ಮಂಡಳಿಯು 1908ರಲ್ಲಿಯೇ ಉಚಿತ ರಾತ್ರಿ ಶಾಲೆಯನ್ನು ತೆರೆಯಿತು. ತರುವಾಯ ಇತರ ಸಂಘಗಳವರೂ ಅದೇ ದಾರಿಯನ್ನು ಹಿಡಿದರು. ಹಗಲೆಲ್ಲ ಮೇಜು ಒರೆಸಿ, ಸಂಜೆ ಆರರ ಬಳಿಕ ಕೈಯ ತೇವ ಆರುವ ಮೊದಲೇ ಬೆಂಚಿನ ಮೇಲೆ ಕುಳಿತ ಹುಡುಗರು ಅಲ್ಲಿ ಗಣಿತ, ಇಂಗ್ಲಿಷುಗಳನ್ನು ಕಲಿತರೆಂಬುದು ಎಲ್ಲರಿಗೂ ಗೊತ್ತು. ಪಾಠಪಟ್ಟಿಯಲ್ಲಿ ಇಲ್ಲದ ವಿದ್ಯೆಯೇ ಹೆಚ್ಚು ಬೆಲೆಯುಳ್ಳದ್ದಾಗಿತ್ತೆಂದು ನನ್ನ ಅಭಿಪ್ರಾಯ. ವಿದ್ಯಾರ್ಥಿ ಸಂಘಕ್ಕೆ ಕಾರ್ಯದರ್ಶಿಯನ್ನು ಆರಿಸುವುದು, ಹಿಂದಿನ ಸಭೆಯ ನಡವಳಿಯನ್ನು ಎದ್ದು ನಿಂತು ಓದುವುದು, ಎಂಟಾಣೆಯ ಚಂದಾಕ್ಕೂ ರಶೀದಿ ಕೊಟ್ಟು ಲೆಕ್ಕವೊಪ್ಪಿಸುವುದು, ಚರ್ಚಾಕೂಟದಲ್ಲಿ ತನಗೊಪ್ಪದ ಮಾತನ್ನೂ ಕೊನೆಯವರೆಗೆ ಕೇಳಿ ಆಮೇಲೆ ಉತ್ತರಿಸುವುದು, ಇವೆಲ್ಲ ಅಲ್ಲಿ ಅಭ್ಯಾಸದಿಂದಲೇ ಬಂದುವು. ಗಿರಾಕಿಯ ಗದರಿಕೆಗೆ ತಲೆತಗ್ಗಿಸುತ್ತಿದ್ದ ಹುಡುಗನು ರಾತ್ರಿ ಎಂಟು ಗಂಟೆಗೆ ‘ಅಧ್ಯಕ್ಷ ಮಹಾಶಯರೇ’ ಎಂದು ಮಾತಿಗೆ ತೊಡಗುವುದು ಸಣ್ಣ ಸಂಗತಿಯಲ್ಲ. ಮುಂದೆ ನಮ್ಮ ಸಂಘಗಳನ್ನೂ ಬ್ಯಾಂಕುಗಳನ್ನೂ ನಡೆಸಿದ ಅನೇಕರು ಈ ಬೆಂಚುಗಳಿಂದ ಎದ್ದವರು.

ಶಾಲೆಯಿಲ್ಲದೆ ಬೀದಿಯಲ್ಲಿಯೇ ಇದನ್ನು ಕಲಿತವರೂ ಇದ್ದರು. 1930ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫೆರ್ನಾಂಡಿಸರು ಊರಿನಲ್ಲಿ ಹೊಟೇಲು ಮತ್ತು ಸಾರಿಗೆ ಕಾರ್ಮಿಕರನ್ನು ಸಂಘಟಿಸಿ, ಇಪ್ಪತ್ತರ ಆಸುಪಾಸಿನಲ್ಲಿ ಮುಂಬಯಿಗೆ ಬಂದರು. ಬಂದ ಹೊಸತರಲ್ಲಿ ಚೌಪಾಟಿಯ ಬೆಂಚುಗಳ ಮೇಲೆ ಮಲಗಿದವರು, ಪತ್ರಿಕೆಯೊಂದರಲ್ಲಿ ಕರಡು ತಿದ್ದಿದವರು. ಬಂದರಿನ ಕಾರ್ಮಿಕ ನಾಯಕರಾದ ಪ್ಲಾಸಿಡ್ ಡಿ’ಮೆಲ್ಲೊ ಅವರ ಬಳಿಯಲ್ಲಿ ಪಳಗಿ, ಹೊಟೇಲು, ಟ್ಯಾಕ್ಸಿ, ನಗರಪಾಲಿಕೆಗಳ ಕೆಲಸಗಾರರ ಪರವಾಗಿ ನಿಂತರು. 1967ರಲ್ಲಿ ದಕ್ಷಿಣ ಮುಂಬಯಿಯ ಲೋಕಸಭಾ ಕ್ಷೇತ್ರದಲ್ಲಿ ಸ. ಕಾ. ಪಾಟೀಲರಂಥ ಪ್ರಬಲರನ್ನು ಸೋಲಿಸಿದರು. ಅವರ ಮುಷ್ಕರಗಳಿಂದ ಮಾಲಕರಿಗೆ ಆದ ತೊಂದರೆಯನ್ನು ಗಲ್ಲೆಯ ಮೇಲೆ ಕುಳಿತವರು ಮರೆಯಲಾರರು. ಆ ಪ್ರಶ್ನೆ ಬೇರೆ. ಕೊಂಕಣಿ, ತುಳು, ಕನ್ನಡಗಳ ಜೊತೆಗೆ ಮರಾಠಿ, ಹಿಂದಿಗಳಲ್ಲಿಯೂ ಅವರು ಜನರೊಡನೆ ನೇರವಾಗಿ ಮಾತನಾಡಬಲ್ಲವರಾಗಿದ್ದರೆಂಬುದನ್ನು ಇಲ್ಲಿ ಗಮನಿಸಬೇಕು. 1966ರಲ್ಲಿ ಶಿವಸೇನೆ ಹುಟ್ಟಿದ ಬಳಿಕ ದಕ್ಷಿಣದವರ ಹೊಟೇಲುಗಳ ಮೇಲೆ ಕಲ್ಲು ಬಿದ್ದ ದಿನಗಳನ್ನು ಹಿರಿಯರು ಬಲ್ಲರು. ಇರುವ ನಾಡಿನ ಭಾಷೆಯನ್ನು ಕಲಿಯದವನ ಅಹವಾಲು ಅವನ ಖೋಲಿಯ ಹೊಸ್ತಿಲನ್ನು ದಾಟುವುದಿಲ್ಲ.

ತೀರ ಇತ್ತೀಚಿನ ಉದಾಹರಣೆಯೂ ಉಂಟು. 2020ರ ಮಾರ್ಚ್ 25ರಿಂದ ದೇಶವೆಲ್ಲ ಮುಚ್ಚಿದಾಗ ಹೊಟೇಲುಗಳ ಬಾಗಿಲು ಹಾಕಿತು. ಕೆಲಸದ ಸ್ಥಳದಲ್ಲಿಯೇ ಮಲಗಿ ಉಣ್ಣುತ್ತಿದ್ದ ಹುಡುಗರು ಕಂಗಾಲಾದರು. ಊರಿಗೆ ಹೋಗಲು ಸೇವಾಸಿಂಧುವಿನಲ್ಲಿ ಹೆಸರು ನೋಂದಾಯಿಸಿ ಪಾಸು ಪಡೆಯಬೇಕು. ಮೇ ತಿಂಗಳ ನಡುವಿನಲ್ಲಿ ಕರ್ನಾಟಕ ಸರಕಾರವು ಮಹಾರಾಷ್ಟ್ರದಿಂದ ಬರುವವರನ್ನು ತಿಂಗಳ ಕೊನೆಯವರೆಗೆ ತಡೆಯಿತು. ಅಂಥ ಹೊತ್ತಿನಲ್ಲಿ ಅರ್ಜಿ ತುಂಬಬಲ್ಲ, ಅಧಿಕಾರಿಗೆ ಫೋನು ಮಾಡಿ ಮೂರು ವಾಕ್ಯಗಳಲ್ಲಿ ವಿಷಯ ತಿಳಿಸಬಲ್ಲ ಒಬ್ಬ ಹುಡುಗನು ಗುಂಪಿನಲ್ಲಿ ಇದ್ದಾನೋ ಇಲ್ಲವೋ ಎಂಬುದರ ಮೇಲೆಯೇ ಎಲ್ಲರ ಪ್ರಯಾಣವೂ ನಿಂತಿತ್ತು.

ನಮ್ಮ ಕಾರ್ಯಾಲಯಕ್ಕೆ ದೂರು ಹಿಡಿದು ಬರುವ ತರುಣರನ್ನು ನೋಡಿದ್ದೇನೆ. ಒಂದು ಗಂಟೆ ದುಃಖ ತೋಡಿಕೊಳ್ಳುವರು. ಕೆಲಸಕ್ಕೆ ಸೇರಿದ ತಾರೀಕು ಕೇಳಿದರೆ ‘ದೀಪಾವಳಿಯ ಆಚೆ ಈಚೆ’ ಎನ್ನುವರು. ಆದುದರಿಂದ ಒಂದು ಮಾತು. ದೂರು ಒಂದು ಪುಟವನ್ನು ಮೀರದಿರಲಿ. ಸೇರಿದ ದಿನ, ಒಪ್ಪಿದ ಸಂಬಳ, ಬಂದ ಮೊತ್ತ, ಬಾಕಿ, ಕೊನೆಗೆ ಏನಾಗಬೇಕೆಂಬುದು, ಇಷ್ಟು ಬರೆದರೆ ಸಾಕು. ಧನಿಯನ್ನು ಬೈಯುವ ಸಾಲುಗಳನ್ನು ಹೊಡೆದುಹಾಕಬೇಕು; ಓದುವ ಅಧಿಕಾರಿಗೆ ಅವುಗಳಿಂದ ಪ್ರಯೋಜನವಿಲ್ಲ. ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಮೊಹರು ಹಾಕಿಸಿ ಇಟ್ಟುಕೊಳ್ಳಬೇಕು. ಮೊಹರಿಲ್ಲದ ಅರ್ಜಿ ಕೊಟ್ಟದ್ದಕ್ಕೆ ಸಾಕ್ಷಿಯೇ ಇಲ್ಲ. ಐವರಿಗೆ ಒಂದೇ ಕುಂದುಕೊರತೆ ಇದ್ದರೆ ಐವರೂ ಸಹಿ ಹಾಕಿ, ಮಾತನಾಡಲು ಒಬ್ಬನನ್ನೇ ಕಳುಹಿಸಬೇಕು. ಆ ಒಬ್ಬನು ಹಿಂದಿರುಗಿ ಬಂದು ಆಡಿದ್ದನ್ನೂ ಕೇಳಿದ್ದನ್ನೂ ಉಳಿದವರಿಗೆ ಹಾಗೆಯೇ ಒಪ್ಪಿಸಬೇಕು. ಮುಂದಾಳುತನ ಕೆಡುವುದು ಬಹುತೇಕ ಈ ಕೊನೆಯ ಮೆಟ್ಟಲಿನಲ್ಲಿ.

ಮಾತು ಕಲಿತ ಹುಡುಗನು ಕೆಲಸಕ್ಕೆ ಒದಗುವುದಿಲ್ಲವೆಂದು ಕೆಲವು ಮಾಲಕ ಬಂಧುಗಳು ಹೇಳುವರು. ನಾನೂ ಗಲ್ಲೆಯ ಹಿಂದೆ ವರ್ಷಗಟ್ಟಲೆ ಕುಳಿತವನೇ. ಹೇಳದೆ ಕೇಳದೆ ಒಂದು ಬೆಳಗ್ಗೆ ಟ್ರಂಕು ಹೊತ್ತು ಮಾಯವಾಗುವವನಿಂದ ಆಗುವಷ್ಟು ನಷ್ಟ, ಎದುರಿಗೆ ಬಂದು ‘ಧನಿಗಳೇ, ವಾರದ ರಜೆ ಬೇಕು’ ಎನ್ನುವವನಿಂದ ಆಗದು. ಈಗಂತೂ ನಮ್ಮ ಅಡುಗೆಮನೆಗಳಲ್ಲಿ ಊರಿನ ಹುಡುಗರು ಕಡಿಮೆಯಾಗಿ ಬಿಹಾರ, ಒರಿಸ್ಸಾ, ಬಂಗಾಲ, ನೇಪಾಳಗಳ ತರುಣರು ದೋಸೆ ಹೊಯ್ಯುತ್ತಿದ್ದಾರೆ. ಕನ್ನಡ ರಾತ್ರಿ ಶಾಲೆಗಳ ಹಾಜರಿ ಪುಸ್ತಕಗಳೂ ತೆಳ್ಳಗಾಗಿವೆ. ಬರಿದಾದ ಆ ಕೋಣೆಗಳಲ್ಲಿ ವಾರಕ್ಕೆ ಎರಡು ದಿನ ಮರಾಠಿ ಮಾತುಗಾರಿಕೆ, ಅರ್ಜಿ ಬರೆಯುವಿಕೆ, ಸಭೆ ನಡೆಸುವ ಕ್ರಮಗಳ ವರ್ಗವನ್ನು ಜಾತಿ, ಪ್ರಾಂತ ನೋಡದೆ ನಡೆಸಬಾರದೇಕೆ? ಬ್ಯಾಂಕು, ಕಚೇರಿಗಳಲ್ಲಿರುವ ನಮ್ಮ ಗುಮಾಸ್ತ ಮಿತ್ರರಿಗಿಂತ ಉತ್ತಮ ಶಿಕ್ಷಕರು ಇದಕ್ಕೆ ಬೇಕಿಲ್ಲ.

ಸಂಘಗಳ ಪದಾಧಿಕಾರಿಗಳಲ್ಲಿ ಒಂದು ಬಿನ್ನಹ. ತರುಣರು ಸಭೆಗೆ ಬರುವುದಿಲ್ಲವೆಂದು ಪ್ರತಿವರ್ಷದ ವರದಿಯಲ್ಲಿಯೂ ವಿಷಾದಿಸುತ್ತೀರಿ. ಮಹಾಸಭೆಯನ್ನು ಕರೆಯುವುದು ಆದಿತ್ಯವಾರ ಬೆಳಗ್ಗೆ ಹತ್ತು ಗಂಟೆಗೆ, ಅಂದರೆ ಹೊಟೇಲಿನಲ್ಲಿ ವಾರದಲ್ಲಿಯೇ ಅತಿ ಹೆಚ್ಚು ಗಿರಾಕಿಗಳು ಇರುವ ವೇಳೆಗೆ. ಈ ವರ್ಷ ಅದನ್ನು ಮಂಗಳವಾರವೋ ಬುಧವಾರವೋ ಮಧ್ಯಾಹ್ನ ಮೂರರಿಂದ ಐದರೊಳಗೆ, ಊಟದ ಗದ್ದಲ ಇಳಿದು ಸಂಜೆಯ ಚಹಾಕ್ಕೆ ಒಲೆ ಹಚ್ಚುವ ಮುನ್ನ, ಇಟ್ಟು ನೋಡಿರಿ.