ಮೋಟಾರು ಸೈಕಲಿನ ಕುಪ್ಪಳಿಕೆಯನ್ನು ತಡೆಯುವ ಎಣ್ಣೆ

ಬೈಂದೂರಿನಿಂದ ಕುಂದಾಪುರದ ಕಡೆಗೆ ಬರುವ ೬೬ನೆಯ ರಾಷ್ಟ್ರೀಯ ಹೆದ್ದಾರಿಯು ಮರವಂತೆಯಲ್ಲಿ ಎರಡು ನೀರುಗಳ ನಡುವೆ ಸಾಗುತ್ತದೆ. ಪಡುವಣಕ್ಕೆ ಕಡಲು, ಮೂಡಣಕ್ಕೆ ಸೌಪರ್ಣಿಕಾ ನದಿ. ಮಳೆಗಾಲದಲ್ಲಿ ತೆರೆಗಳು ಬಂಡೆಗಳಿಗೆ ಅಪ್ಪಳಿಸಿದಾಗ ಹಾರುವ ಉಪ್ಪುನೀರಿನ ಹನಿಗಳು ದಾರಿಗರ ಮುಖಕ್ಕೂ ತಾಗುತ್ತವೆ. ಪ್ರವಾಸಿಗೆ ಅದೊಂದು ಸೊಗಸು. ಆದರೆ ಇದೇ ಹನಿಗಳು ಮೋಟಾರು ಸೈಕಲಿನ ಒಂದು ಮುಖ್ಯ ಅಂಗಕ್ಕೆ ಕೇಡು ಮಾಡುತ್ತವೆ. ಕೇಡಾದ ಸಂಗತಿ ಸವಾರನಿಗೆ ಬಹುಕಾಲ ತಿಳಿಯುವುದೂ ಇಲ್ಲ. ಹಿಂದಿನ ಚಕ್ರದ ಎರಡು ಪಕ್ಕಗಳಲ್ಲಿ ನಿಂತಿರುವ ಷಾಕ್ ಅಬ್ಸಾರ್ಬರುಗಳೇ ಆ ಅಂಗ.

ಷಾಕ್ ಅಬ್ಸಾರ್ಬರ್ ಎಂದರೆ ಪೆಟ್ಟನ್ನು ಹೀರುವಂಥದು. ಈ ಹೆಸರು ನಮ್ಮನ್ನು ಕೊಂಚ ದಾರಿ ತಪ್ಪಿಸುತ್ತದೆ. ಚಕ್ರವು ಗುಂಡಿಯ ಅಂಚಿಗೆ ತಾಗಿ ಮೇಲೆದ್ದಾಗ ಪೆಟ್ಟನ್ನು ಮೊದಲು ತಾಳಿಕೊಳ್ಳುವುದು ಹೊರಗೆ ಕಾಣುವ ಉಕ್ಕಿನ ಸುರುಳಿ, ಅಂದರೆ ಸ್ಪ್ರಿಂಗು. ಆದರೆ ಸ್ಪ್ರಿಂಗು ಪಡೆದ ಶಕ್ತಿಯನ್ನು ಕಳೆಯುವುದಿಲ್ಲ. ಕೂಡಿಟ್ಟುಕೊಂಡು ಮರುಕ್ಷಣವೇ ಹೆಚ್ಚುಕಡಮೆ ಪೂರ್ತಿಯಾಗಿ ಹಿಂದಿರುಗಿಸುತ್ತದೆ. ಒಮ್ಮೆ ನೂಕಿಬಿಟ್ಟ ಜೋಕಾಲಿ ತಾನಾಗಿಯೇ ತೂಗುತ್ತಿರುವಂತೆ, ಬರಿಯ ಸ್ಪ್ರಿಂಗಿನ ಮೇಲೆ ಕುಳಿತ ಗಾಡಿಯು ಒಂದೇ ಗುಂಡಿಯಿಂದ ಅನೇಕ ಸಲ ಏಳುತ್ತದೆ, ಬೀಳುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ಹೊರೆಯ ಕೆಳಗೆ ಸ್ಪ್ರಿಂಗು ತನ್ನ ಸಹಜ ಉದ್ದದಿಂದ ೫ ಸೆಂಟಿಮೀಟರು ಕುಗ್ಗಿ ನಿಂತಿದೆಯೆಂದು ಭಾವಿಸಿರಿ. ಈ ೦.೦೫ ಮೀಟರನ್ನು ಗುರುತ್ವದ ವೇಗೋತ್ಕರ್ಷವಾದ ೯.೮ರಿಂದ ಭಾಗಿಸಿ, ವರ್ಗಮೂಲ ತೆಗೆದು, ಪೈ ಎಂಬ ಸಂಖ್ಯೆಯ ಎರಡರಷ್ಟರಿಂದ ಗುಣಿಸಿದರೆ ಒಂದು ಆಂದೋಲನದ ಕಾಲ ದೊರೆಯುತ್ತದೆ: ಸುಮಾರು ೦.೪೫ ಸೆಕೆಂಡು. ಗಂಟೆಗೆ ೬೦ ಕಿಲೋಮೀಟರು ವೇಗವೆಂದರೆ ಸೆಕೆಂಡಿಗೆ ೧೬.೭ ಮೀಟರು. ಹಾಗಾದರೆ ಗುಂಡಿ ದಾಟಿದ ಮೇಲೂ ಪ್ರತಿ ಏಳೂವರೆ ಮೀಟರಿಗೊಮ್ಮೆ ಗಾಡಿ ಕುಪ್ಪಳಿಸುತ್ತಿರುತ್ತದೆ. ಅದು ಮೇಲೆದ್ದಿರುವಷ್ಟು ಹೊತ್ತು ಟೈರು ನೆಲವನ್ನು ಒತ್ತುವ ಬಲ ಕಡಮೆ. ಒತ್ತುವ ಬಲ ಕಡಮೆಯಾದರೆ ಘರ್ಷಣೆಯೂ ಕಡಮೆ. ಆ ಕ್ಷಣದಲ್ಲಿ ಬ್ರೇಕು ಹಾಕಿದರೆ ಚಕ್ರ ನಿಂತೀತು, ಗಾಡಿ ನಿಲ್ಲದು. ಮಳೆಯಲ್ಲಿ ನೆನೆದ ತಿರುವಿನಲ್ಲಿ ಇದು ಪ್ರಾಣದ ಮಾತು.

ಈ ಕುಪ್ಪಳಿಕೆಯನ್ನು ಅಡಗಿಸುವ ವಸ್ತು ಸ್ಪ್ರಿಂಗಿನ ಒಳಗಿರುವ ಕೊಳವೆಯಲ್ಲಿದೆ. ಕೊಳವೆಯ ತುಂಬ ಎಣ್ಣೆ. ಅದರಲ್ಲಿ ದಂಡದ ತುದಿಗೆ ಕೂಡಿಸಿದ ಒಂದು ಪಿಸ್ಟನ್ನು. ಪಿಸ್ಟನ್ನಿನಲ್ಲಿ ಸಣ್ಣ ರಂಧ್ರಗಳು. ಚಕ್ರ ಏಳುಬೀಳುವಾಗಲೆಲ್ಲ ಎಣ್ಣೆಯು ಈ ರಂಧ್ರಗಳಲ್ಲಿ ನುಸುಳಿ ಹೋಗಬೇಕು. ಗಂಗೊಳ್ಳಿಯ ಅಳಿವೆಯಲ್ಲಿ ದೋಣಿ ನಡೆಸುವವರನ್ನು ಕೇಳಿ ನೋಡಿ: ಹುಟ್ಟನ್ನು ಮೆಲ್ಲಗೆ ಎಳೆದರೆ ನೀರು ದಾರಿ ಬಿಡುತ್ತದೆ, ರಭಸದಿಂದ ಎಳೆದರೆ ಎದುರು ನಿಲ್ಲುತ್ತದೆ. ಎಣ್ಣೆಯ ಗುಣವೂ ಅದೇ. ಚಲನೆ ತೀವ್ರವಾದಷ್ಟೂ ತಡೆ ಹೆಚ್ಚು. ಸ್ಪ್ರಿಂಗು ಕೂಡಿಟ್ಟ ಶಕ್ತಿಯು ಈ ಹೆಣಗಾಟದಲ್ಲಿ ಉಷ್ಣವಾಗಿ ಮಾರ್ಪಟ್ಟು ಗಾಳಿಗೆ ಸೇರುತ್ತದೆ. ಹೊಂಡಗಳ ಹಾದಿಯಲ್ಲಿ ಒಂದಷ್ಟು ದೂರ ಓಡಿಸಿ, ಕೊಳವೆಯನ್ನು ಮುಟ್ಟಿದರೆ ಬೆಚ್ಚಗಿರುವುದು ಇದರಿಂದಲೇ.

ಎಣ್ಣೆಯ ಈ ಉಪಾಯ ತೀರ ಹೊಸದಲ್ಲ. ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪೆನಿ ೧೯೩೫ರಲ್ಲಿ ತನ್ನ ಆರ್-೧೨ ಗಾಡಿಯ ಮುಂದಿನ ಫೋರ್ಕಿನಲ್ಲಿ ಅದನ್ನು ಬಳಸಿತು.

ಈಗ ಉಪ್ಪಿನ ವಿಷಯ. ಎಣ್ಣೆಯನ್ನು ಒಳಗೆ ತಡೆದಿಡುವುದು ದಂಡದ ಸುತ್ತ ಇರುವ ಒಂದು ರಬ್ಬರಿನ ಬಳೆ, ಸೀಲು. ದಂಡದ ಮೇಲೆ ಕ್ರೋಮಿಯಮ್ಮಿನ ನುಣುಪಾದ ಲೇಪವಿರುತ್ತದೆ. ಉಪ್ಪುನೀರು ಲೇಪದ ಸೂಕ್ಷ್ಮ ಬಿರುಕುಗಳಲ್ಲಿ ಇಳಿದು ಉಕ್ಕನ್ನು ತುಕ್ಕು ಹಿಡಿಸಿದಾಗ ಅಲ್ಲಲ್ಲಿ ಚುಕ್ಕೆಗಳು ಏಳುತ್ತವೆ. ಒರಟಾದ ಈ ಚುಕ್ಕೆಗಳು ಪ್ರತಿ ಏಳುಬೀಳಿನಲ್ಲಿಯೂ ಸೀಲಿನ ತುಟಿಯನ್ನು ಕೆರೆಯುತ್ತವೆ. ಕೊನೆಗೆ ಎಣ್ಣೆ ಜಿನುಗಿ ಹೋಗುತ್ತದೆ, ಸ್ಪ್ರಿಂಗು ಮಾತ್ರ ಉಳಿಯುತ್ತದೆ. ಗಾಡಿ ಮೊದಲಿನಂತೆಯೇ ನಿಂತಿರುವುದರಿಂದ, ಪಾಪ, ಸವಾರನಿಗೆ ಸಂದೇಹ ಹುಟ್ಟುವುದಾದರೂ ಹೇಗೆ?

ಪರೀಕ್ಷೆ ಸುಲಭ. ಹಿಂದಿನ ಸೀಟನ್ನು ಬಲವಾಗಿ ಕೆಳಕ್ಕೆ ಒತ್ತಿ ಬಿಡಿರಿ. ಗಾಡಿ ಮೇಲೆದ್ದು ಒಡನೆಯೇ ನೆಲೆನಿಂತರೆ ಎಣ್ಣೆ ಕೆಲಸ ಮಾಡುತ್ತಿದೆ; ಎರಡು ಮೂರು ಸಲ ಕುಣಿದರೆ ಇಲ್ಲ. ಕೊಳವೆಯ ಮೇಲೆ ಧೂಳು ಮೆತ್ತಿದ ಎಣ್ಣೆಯ ಪಸೆ ಕಂಡರೆ ಬೇರೆ ಸಾಕ್ಷಿ ಬೇಡ. ಕೆಲವರು ಕೆಳಗಿನ ಹಲ್ಲುಬಳೆಯನ್ನು ತಿರುಗಿಸಿ ಸ್ಪ್ರಿಂಗನ್ನು ಬಿಗಿಮಾಡಿ ಸಮಾಧಾನಪಡುತ್ತಾರೆ. ಇದು ಶುದ್ಧ ತಪ್ಪು ತಿಳಿವಳಿಕೆ. ಬಿಗಿಮಾಡುವುದರಿಂದ ಗಾಡಿ ತುಸು ಎತ್ತರವಾದೀತೇ ಹೊರತು ಹೋದ ಎಣ್ಣೆ ಬಾರದು, ಕುಪ್ಪಳಿಕೆ ತಗ್ಗದು.

ಎರಡು ಷಾಕ್ ಅಬ್ಸಾರ್ಬರುಗಳಿರುವ ಸಾಧಾರಣ ಗಾಡಿಯಲ್ಲಿ ಅವನ್ನು ಮನೆಯಲ್ಲಿಯೇ ಬದಲಾಯಿಸಬಹುದು. ಕರಾವಳಿಯಲ್ಲಿ ನಟ್ಟುಗಳು ತುಕ್ಕಿನಿಂದ ಕಚ್ಚಿಕೊಂಡಿರುವುದೇ ಹೆಚ್ಚು. ಆದ್ದರಿಂದ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆಯನ್ನು ಬಿಡಬೇಕು. ಗಟ್ಟಿಯಾದ ಸಮನೆಲದಲ್ಲಿ ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಒಂದು ಪಕ್ಕದ್ದನ್ನು ಮಾತ್ರ ಬಿಚ್ಚತಕ್ಕದ್ದು. ಎರಡನ್ನೂ ಒಟ್ಟಿಗೆ ಬಿಚ್ಚಿದರೆ ಚಕ್ರ ಕೆಳಕ್ಕೆ ಜಾರಿ, ಬೋಲ್ಟಿಗೂ ರಂಧ್ರಕ್ಕೂ ತಾಳೆ ಕೂಡಿಸುವುದೇ ದೊಡ್ಡ ಪಾಡಾಗುತ್ತದೆ. ಒಂದು ನಿಂತಿದ್ದರೆ ಅದೇ ಚಕ್ರವನ್ನು ಹಿಡಿದಿರುತ್ತದೆ. ವಾಷರುಗಳನ್ನು ಬಂದ ಕ್ರಮದಲ್ಲಿಯೇ ಸಾಲಾಗಿ ಇಡಿರಿ. ಹಳೆಯದರ ಮತ್ತು ಹೊಸದರ ಎರಡು ಕಣ್ಣುಗಳ ನಡುವಣ ಅಂತರ ಒಂದೇ ಆಗಿದೆಯೆ ಎಂದು ಅಳೆದು ನೋಡಿರಿ. ಹೊಸದನ್ನು ಕೂಡಿಸಿ, ಗಾಡಿಯ ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿದು, ಬಳಿಕ ಇನ್ನೊಂದು ಪಕ್ಕಕ್ಕೆ ಹೋಗಬೇಕು.

ಸೋರಿದ್ದು ಒಂದೇ ಆದರೂ ಎರಡನ್ನೂ ಬದಲಾಯಿಸಬೇಕು. ಖರ್ಚಿನ ಮಾತು ನಿಜ. ಆದರೆ ಒಂದು ಪಕ್ಕ ತಡೆದು ಮತ್ತೊಂದು ಪಕ್ಕ ತಡೆಯದಿದ್ದರೆ ಚಕ್ರವನ್ನು ಹೊತ್ತ ಚೌಕಟ್ಟು ತಿರುಚಿಕೊಳ್ಳಲು ಹವಣಿಸುತ್ತದೆ. ಹಲ್ಲುಬಳೆಗಳೂ ಎರಡು ಕಡೆ ಒಂದೇ ಹಲ್ಲಿನಲ್ಲಿರಬೇಕು.

ಕುತೂಹಲದಿಂದ ಹಳೆಯದನ್ನು ಒಡೆದು ನೋಡುವ ಆಸೆ ವಿದ್ಯಾರ್ಥಿಗಳಿಗೆ ಆಗುವುದು ಸಹಜ. ದಯವಿಟ್ಟು ಬೇಡ. ಒತ್ತಿಟ್ಟ ಸ್ಪ್ರಿಂಗು ಸಿಡಿದರೆ ಮುಖ ಒಡೆದೀತು. ಕೆಲವದರೊಳಗೆ ಭಾರಿ ಒತ್ತಡದ ಸಾರಜನಕವಿರುತ್ತದೆ. ಹಿಂದಕ್ಕೆ ಒಂದೇ ಷಾಕ್ ಅಬ್ಸಾರ್ಬರ್ ಇರುವ ಗಾಡಿಯನ್ನೂ ಮುಂದಿನ ಫೋರ್ಕನ್ನೂ ಕಸಬುದಾರನಿಗೇ ಬಿಡುವುದು ಮೇಲು.

ಬದಲಾಯಿಸಿದ ಬಳಿಕ ಕೆಲವು ದಿನ ಓಡಿಸಿ ನಟ್ಟುಗಳನ್ನು ಮತ್ತೊಮ್ಮೆ ಪರೀಕ್ಷಿಸಿರಿ. ಮರವಂತೆಯ ಹಾದಿಯಲ್ಲಿ ಕಡಲ ಹನಿಗೆ ಸಿಕ್ಕಿ ಬಂದ ದಿನ, ಬ್ರಹ್ಮಾವರಕ್ಕಾಗಲಿ ಕುಂದಾಪುರಕ್ಕಾಗಲಿ ಮನೆ ಮುಟ್ಟಿದೊಡನೆ, ಒಂದು ಕೊಡ ಬಾವಿಯ ಸಿಹಿನೀರಿನಿಂದ ಗಾಡಿಯನ್ನು ತೊಳೆದು, ಆ ದಂಡವನ್ನು ಒಣಬಟ್ಟೆಯಿಂದ ಒರಸಿಡಿರಿ.